ಜೀವಕ್ಕಿಂತ ದುಡ್ಡು ಹೆಚ್ಚಾ ಸಾರ್?

ಅಕ್ಕನ ಮಗನಿಗೆ ಕೆಲಸ ಸಿಕ್ಕಿ ಆರು ತಿಂಗಳಾಗಿತ್ತು, ಬೈಕ್ ಬಂದು ಎರಡು ತಿಂಗಳು. ಜಾಕೆಟ್ ಕೊಡಿಸಲು ಬಾ ಮಾಮ ಅಂತ ಕರೆದ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆವು. ಅಂಗಡಿಯವನು ಮೊದಲು 7,000ದ್ದು ತೋರಿಸಿದ, ಆಮೇಲೆ 12,000ದ್ದು. ನಮ್ಮ ಮುಖ ನೋಡಿ, ಇವರ ಹತ್ತಿರ ಇನ್ನೂ ಸ್ವಲ್ಪ ಇದೆ ಅನ್ನಿಸಿತೋ ಏನೋ, ಒಳಗಿನಿಂದ ಕವರ್ ಸಮೇತ 24,000ದ್ದು ತಂದು ಕೌಂಟರ್ ಮೇಲೆ ಮಗುವನ್ನು ಮಲಗಿಸಿದ ಹಾಗೆ ಮಲಗಿಸಿದ.

"ಇದಕ್ಕೂ ಅದಕ್ಕೂ ಏನು ವ್ಯತ್ಯಾಸ?" ಹುಡುಗ ಕೇಳಿದ.

"ಕ್ವಾಲಿಟಿ ಸಾರ್."

"ಅಂದ್ರೆ?"

"ಇದು ಪ್ರೀಮಿಯಂ. ಸೇಫ್ಟಿ ವಿಷಯ ನೋಡಿ. ಜೀವಕ್ಕಿಂತ ದುಡ್ಡು ಹೆಚ್ಚಾ ಸಾರ್?"

ಈ ಪ್ರಶ್ನೆಗೆ ಉತ್ತರವಿಲ್ಲ. ಉತ್ತರ ಇರಬಾರದು ಅಂತಲೇ ಕಟ್ಟಿದ ಪ್ರಶ್ನೆ ಅದು. ಜೀವವೇ ಹೆಚ್ಚು ಅಂದರೆ 24,000 ತೆಗೆಯಬೇಕು. ದುಡ್ಡು ಹೆಚ್ಚು ಅನ್ನುವುದಕ್ಕೆ ಯಾರಿಗೂ ಬಾಯಿ ಬರುವುದಿಲ್ಲ. ಹುಡುಗ ಕೇಳಿದ್ದು ವ್ಯತ್ಯಾಸ ಏನು ಅಂತ, ಅಂಗಡಿಯವನು ಕೇಳಿದ್ದು ನೀನು ಎಂಥ ಮನುಷ್ಯ ಅಂತ. ಮಾತು ಅಲ್ಲಿಗೆ ಮುಗಿಯಿತು.

ಅಂಗಡಿಯವನನ್ನು ಬೈದು ಪ್ರಯೋಜನವಿಲ್ಲ. ಅವನು ಊರೆಲ್ಲ ಒಪ್ಪಿಕೊಂಡ ಮಾತನ್ನೇ ಆಡಿದ್ದು. ಭಾನುವಾರ ಬೆಳಗ್ಗೆ ನಂದಿಬೆಟ್ಟದ ಬುಡದಲ್ಲಿ ಕಾಫಿ ಕುಡಿಯುತ್ತ ನಿಂತ ಸವಾರರ ಗುಂಪಿನಲ್ಲೂ, ಬೈಕ್ ಬಗ್ಗೆ ವೀಡಿಯೊ ಮಾಡುವವರ ಬಾಯಲ್ಲೂ ಇದೇ: ಸೇಫ್ಟಿಯಲ್ಲಿ ರಾಜಿ ಬೇಡ, ಕೈಲಾದಷ್ಟು ದುಬಾರಿದು ತಗೋ, ಬೆಲೆಗೆ ತಕ್ಕ ರಕ್ಷಣೆ. ಇದು ತಪ್ಪು ಅನ್ನುವುದು ನನ್ನ ವಾದ. ಬರೀ ತಪ್ಪಾಗಿದ್ದರೆ ಸುಮ್ಮನಿರಬಹುದಿತ್ತು, ಇದರಿಂದ ಕೇಡೂ ಆಗುತ್ತಿದೆ. ಕೈಯಲ್ಲಿ ದುಡ್ಡಿದ್ದವನು ರಕ್ಷಣೆಯಲ್ಲದ್ದಕ್ಕೆ ದುಡ್ಡು ಸುರಿದು ನಿಶ್ಚಿಂತನಾಗುತ್ತಾನೆ. ಇಲ್ಲದವನು, ಜಾಕೆಟ್ ಅನ್ನುವುದು 20,000ದ ಬಾಬತ್ತು, ನಮ್ಮಂಥವರಿಗಲ್ಲ ಎಂದುಕೊಂಡು ಅರ್ಧ ತೋಳಿನ ಅಂಗಿಯಲ್ಲೇ ಓಡಾಡುತ್ತಾನೆ. ದಿನಕ್ಕೆ ಹತ್ತು ಗಂಟೆ ಬೈಕ್ ಮೇಲೆ ಕೂತು ಊಟ ತಲುಪಿಸುವ ಹುಡುಗರನ್ನು ನೋಡಿ. ಊರಿನಲ್ಲಿ ಜಾಕೆಟ್ ಎಲ್ಲರಿಗಿಂತ ಹೆಚ್ಚು ಬೇಕಾದವರು ಅವರೇ, ಆ ಅಂಗಡಿಗಳ ಮೆಟ್ಟಿಲು ಹತ್ತದವರೂ ಅವರೇ.

ಹೆಲ್ಮೆಟ್ ವಿಷಯದಲ್ಲಿ ಹೀಗಿಲ್ಲ. ಮೋಟಾರು ವಾಹನ ಕಾಯ್ದೆಯ 129ನೇ ಕಲಂ ತಲೆಗೆ ಮಾನದಂಡಕ್ಕೆ ಒಪ್ಪುವ ಹೆಲ್ಮೆಟ್ ಹಾಕಿಕೋ ಅನ್ನುತ್ತದೆ, 2021ರ ಜೂನ್‌ನಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವಂತಿಲ್ಲ. ಸಾವಿರ ರೂಪಾಯಿಯದ್ದಾದರೂ ಒಂದು ಪರೀಕ್ಷೆ ದಾಟಿ ಬಂದಿರಬೇಕು. ಮೈಗೆ ಏನು ಹಾಕಿಕೊಳ್ಳಬೇಕು ಅನ್ನುವುದರ ಬಗ್ಗೆ ಆ ಕಲಂ ತುಟಿ ಬಿಚ್ಚುವುದಿಲ್ಲ. ಹಾಗಾಗಿ ಜಾಕೆಟ್ಟಿಗೆ ಅಂಗಡಿಯವನ ಬಾಯಿಮಾತೇ ಐಎಸ್‌ಐ.

ಬೆಲೆ ಬಿಟ್ಟು ಮತ್ತೇನನ್ನು ನೋಡಬೇಕು ಅನ್ನುವುದಕ್ಕೆ ಮೊದಲು, ಬಿದ್ದಾಗ ಏನಾಗುತ್ತದೆ ಅನ್ನುವುದು ಗೊತ್ತಿರಬೇಕು. ಬೈಕಿನಿಂದ ಬೀಳುವವನಿಗೆ ಎರಡು ಕಷ್ಟ ಒಟ್ಟಿಗೆ ಬರುತ್ತವೆ. ಒಂದು, ಮೇಲಿಂದ ಕೆಳಕ್ಕೆ ಬೀಳುವುದು. ಇದಕ್ಕೆ ಬೈಕಿನ ವೇಗದ ಹಂಗಿಲ್ಲ. ಭುಜ ನೆಲದಿಂದ ಸುಮಾರು 1.3 ಮೀಟರ್ ಎತ್ತರದಲ್ಲಿದ್ದರೆ, 30ರಲ್ಲಿ ಹೋಗುತ್ತಿದ್ದರೂ 100ರಲ್ಲಿ ಹೋಗುತ್ತಿದ್ದರೂ, ಅದು ನೆಲಕ್ಕೆ ಬಡಿಯುವುದು ಗಂಟೆಗೆ ಸುಮಾರು 18 ಕಿ.ಮೀ. ವೇಗದಲ್ಲೇ. ಎರಡನೆಯದು, ಬಿದ್ದ ಮೇಲೆ ಡಾಂಬರಿನ ಮೇಲೆ ಉಜ್ಜಿಕೊಂಡು ಹೋಗುವುದು. ಇದು ಪೂರ್ತಿ ವೇಗದ ಲೆಕ್ಕ. 60ರಲ್ಲಿ ಬಿದ್ದರೆ ಹೆಚ್ಚುಕಡಿಮೆ 20 ಮೀಟರ್, ಎರಡು ಎರಡೂವರೆ ಸೆಕೆಂಡ್. ವೇಗ ಇಮ್ಮಡಿಯಾದರೆ ದೂರ ನಾಲ್ಕು ಪಟ್ಟು. ಬಡಿತ ಮೂಳೆಯ ಪಾಲು, ಉಜ್ಜಾಟ ಚರ್ಮದ ಪಾಲು. ಬಡಿತಕ್ಕೆ ಪ್ಯಾಡು ಇದೆ, ಉಜ್ಜಾಟಕ್ಕೆ ಇರುವುದು ಬಟ್ಟೆ ಮತ್ತು ಹೊಲಿಗೆ.

ಅಂಗಡಿಯಲ್ಲಿ ಮಾರಾಟವಾಗುವುದು ಮಾತ್ರ ಪ್ಯಾಡು. ನಮ್ಮ ಮುಂದೆಯೇ ಆದ ಸಂಗತಿ ಕೇಳಿ. ಇದು ಸರ್ಟಿಫೈಡ್ ಜಾಕೆಟ್ಟಾ ಅಂತ ನಾನು ಕೇಳಿದೆ. "ಸಿಇ ಲೆವೆಲ್ ಟೂ ಸಾರ್" ಎಂದು ಅವನು ತೋಳಿನ ಒಳಜೇಬಿಗೆ ಕೈ ಹಾಕಿ, ಕಿತ್ತಳೆ ಬಣ್ಣದ ರಬ್ಬರಿನಂಥ ಮೊಣಕೈ ಪ್ಯಾಡನ್ನು ಹೊರಗೆಳೆದು, ಅದರ ಬೆನ್ನ ಮೇಲೆ ಮೂಡಿದ್ದ ಅಕ್ಷರ ತೋರಿಸಿದ. ಮದುವೆ ಗಂಡಿನ ಅಂಕಪಟ್ಟಿ ಕೇಳಿದರೆ ಅವನ ತಮ್ಮನದ್ದು ತೋರಿಸಿದ ಹಾಗೆ. ತಮ್ಮ ಜಾಣನೇ ಇರಬಹುದು, ನಮಗೆ ಬೇಕಾದದ್ದು ಗಂಡಿನದ್ದು.

ಆ ಪ್ಯಾಡಿನ ಮೇಲಿನ ಅಕ್ಷರ ಸುಳ್ಳೇನಲ್ಲ. ಯುರೋಪಿನ ಇಎನ್ 1621-1 ಅನ್ನುವ ಮಾನದಂಡದಲ್ಲಿ ಐದು ಕೆಜಿ ತೂಕವನ್ನು ಸುಮಾರು ಒಂದು ಮೀಟರ್ ಮೇಲಿಂದ ಪ್ಯಾಡಿನ ಮೇಲೆ ಬಿಟ್ಟಷ್ಟು ಪೆಟ್ಟು, ಅಂದರೆ 50 ಜೂಲ್, ಕೊಟ್ಟು ಅಡಿಗೆ ಎಷ್ಟು ದಾಟಿತು ಅಂತ ಅಳೆಯುತ್ತಾರೆ. ಸರಾಸರಿ 35 ಕಿಲೋನ್ಯೂಟನ್ ಒಳಗಿದ್ದರೆ ಒಂದನೇ ಮಟ್ಟ, 20ರ ಒಳಗಿದ್ದರೆ ಎರಡನೆಯದು. ಒಳ್ಳೆಯ ಪರೀಕ್ಷೆ, ಎರಡನೇ ಮಟ್ಟ ಒಂದನೆಯದಕ್ಕಿಂತ ಮೇಲೇ. ಆದರೆ ಆ ಪರೀಕ್ಷೆಯ ಮೇಜಿನ ಮೇಲೆ ಜಾಕೆಟ್ ಇರುವುದೇ ಇಲ್ಲ. ಅದೇ ಪ್ಯಾಡನ್ನು ಹತ್ತಿಯ ಶರ್ಟಿನ ತೋಳಿಗೆ ಹೊಲಿದರೂ ಅದು ಲೆವೆಲ್ ಟೂ ಪ್ಯಾಡೇ. ಶರ್ಟು ಮಾತ್ರ ಶರ್ಟೇ.

ಅಂದಹಾಗೆ ಆ ಪ್ಯಾಡಿನ ಮೇಲೆ ಯಾರೂ ಓದದ ಇನ್ನೊಂದು ಗುರುತು ಇರುತ್ತದೆ, ಇಲ್ಲವೇ ಇರುವುದಿಲ್ಲ: ಟಿ ಪ್ಲಸ್. 40 ಡಿಗ್ರಿ ಬಿಸಿಯಲ್ಲೂ ಪರೀಕ್ಷೆ ದಾಟಿದೆ ಅಂತ ಅದರ ಅರ್ಥ. ಟಿ ಮೈನಸ್ ಅಂದರೆ ಸೊನ್ನೆಯ ಕೆಳಗೆ 10 ಡಿಗ್ರಿ. ಈ ಮೆತ್ತನೆಯ ಪ್ಯಾಡುಗಳು ಬಿಸಿಗೆ ಇನ್ನೂ ಮೆತ್ತಗಾಗುವ ಜಾತಿಯವು. ಕಲಬುರಗಿ, ರಾಯಚೂರಿನ ಮೇ ತಿಂಗಳಲ್ಲಿ ಬೈಕ್ ಓಡಿಸುವವನಿಗೆ ಲೆವೆಲ್ ಒಂದೋ ಎರಡೋ ಅನ್ನುವುದರಷ್ಟೇ ಈ ಟಿ ಪ್ಲಸ್ಸೂ ಮುಖ್ಯ. ಯಾವ ಜಾಹೀರಾತಿನಲ್ಲಾದರೂ ಅದನ್ನು ದಪ್ಪಕ್ಷರದಲ್ಲಿ ನೋಡಿದ್ದೀರಾ?

ಹಾಗಾದರೆ ಗಂಡಿನ ಅಂಕಪಟ್ಟಿ ಎಲ್ಲಿ? ಅದು ಜಾಕೆಟ್ಟಿನ ಒಳಗೆ, ಅಸ್ತರಿಗೆ ಹೊಲಿದ ಬಿಳಿಯ ಪುಟ್ಟ ಬಟ್ಟೆಚೀಟಿಯಲ್ಲಿ ಇರುತ್ತದೆ. ಬೈಕ್ ಮೇಲೆ ಕೂತವನ ಒಂದು ಚಿತ್ರ, ಪಕ್ಕದಲ್ಲಿ ಇಎನ್ 17092 ಅನ್ನುವ ಸಂಖ್ಯೆ, ಅದರ ಹತ್ತಿರ ಎಎಎ, ಎಎ, ಎ, ಬಿ, ಸಿ ಇವುಗಳಲ್ಲಿ ಒಂದು. 2020ರಲ್ಲಿ ಪ್ರಕಟವಾದ ಈ ಮಾನದಂಡದಲ್ಲಿ ಬಟ್ಟೆಯ ತುಂಡನ್ನು ತಿರುಗುವ ತೋಳಿಗೆ ಕಟ್ಟಿ, ಗೊತ್ತಾದ ವೇಗಕ್ಕೆ ಗಿರಗಿರ ತಿರುಗಿಸಿ, ಕಾಂಕ್ರೀಟ್ ಹಾಸಿನ ಮೇಲೆ ಬಿಡುತ್ತಾರೆ. ಅದು ಉಜ್ಜಿಕೊಂಡು ನಿಲ್ಲುವುದರೊಳಗೆ 5 ಮಿ.ಮೀ.ಗಿಂತ ದೊಡ್ಡ ತೂತು ಬಿದ್ದರೆ ಫೇಲು. ಭುಜ, ಮೊಣಕೈಯಂಥ ಮೊದಲು ನೆಲ ಮುಟ್ಟುವ ಜಾಗಕ್ಕೆ ಎಎಎ ದರ್ಜೆಗೆ ಬೇಕಾದ ವೇಗ 120 ಕಿ.ಮೀ., ಎಎಗೆ 70, ಎಗೆ 45. ಬಿ ಅಂದರೆ ಬಟ್ಟೆ ಎ ದರ್ಜೆಯದೇ, ಪ್ಯಾಡು ಇಲ್ಲ. ಸಿ ಅಂದರೆ ಪ್ಯಾಡು ಹಿಡಿದುಕೊಳ್ಳುವ ಜಾಲರಿ, ಬಟ್ಟೆಯ ಬಗ್ಗೆ ಯಾವ ಭರವಸೆಯೂ ಇಲ್ಲ. ಬಟ್ಟೆಯ ಜೊತೆ ಹೊಲಿಗೆಯನ್ನೂ ಎಳೆದು ನೋಡುತ್ತಾರೆ. ಪ್ರಯೋಗಾಲಯದ 70 ನಮ್ಮ ತುಮಕೂರು ರಸ್ತೆಯ 70 ಆಗುವುದಿಲ್ಲ, ನಿಜ. ಆದರೂ ಎರಡು ಜಾಕೆಟ್‌ಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗುವುದಕ್ಕೆ ಅದು ಆಗುತ್ತದೆ. ಬೆಲೆಚೀಟಿಯಿಂದ ಆ ಕೆಲಸ ಆಗುವುದಿಲ್ಲ.

24,000ದ ಜಾಕೆಟ್ಟನ್ನು ಒಳಗು ಹೊರಗು ಮಾಡಿದೆ. ಚೀಟಿಯಲ್ಲಿ ಎ ಅಂತ ಇತ್ತು. ಆಮೇಲೆ 12,000ದ್ದನ್ನು ತಿರುವಿದೆ. ಅದರಲ್ಲೂ ಎ.

"ಹಾಗಾದ್ರೆ ಆ ಹೆಚ್ಚಿನ 12,000 ಯಾಕೆ ಮಾಮ?" ಅಂದ ಹುಡುಗ.

ಅದನ್ನು ಬಿಡಿಸಿ ಹೇಳುವುದೇನೂ ಕಷ್ಟವಿರಲಿಲ್ಲ, ಎಲ್ಲ ಕಣ್ಣ ಮುಂದೆಯೇ ಇತ್ತು. ಒಳಗೆ ಜಿಪ್ ಹಾಕಿ ಕೂಡಿಸುವ ಚಳಿಯ ಅಸ್ತರಿ. ಬೆಂಗಳೂರಿನವನು ಅದನ್ನು ಮೊದಲ ವಾರವೇ ತೆಗೆದು ಬೀರುವಿನ ಮೇಲಿನ ಹಲಗೆಗೆ ಹಾಕುತ್ತಾನೆ, ಆಮೇಲೆ ಅದು ಸಿಗುವುದು ಮನೆ ಬದಲಾಯಿಸುವಾಗ. ಅದರ ಮೇಲೊಂದು ಮಳೆಯ ಅಸ್ತರಿ. ಮಳೆ ಶುರುವಾದ ಮೇಲೆ ಫ್ಲೈಓವರ್ ಕೆಳಗೆ ನಿಂತು ಜಾಕೆಟ್ ಬಿಚ್ಚಿ ಒಳಗೆ ಜಿಪ್ ಹಾಕಿಕೊಳ್ಳಬೇಕು. 800 ರೂಪಾಯಿಯ ರೇನ್‌ಕೋಟನ್ನು ಮೇಲೆ ಎಳೆದುಕೊಂಡವನು ಅಷ್ಟರಲ್ಲಿ ಮನೆ ಸೇರಿರುತ್ತಾನೆ. ಹೆಸರಾಂತ ಕಂಪನಿಯ ಜಿಪ್ಪು. ಏಳು ಜೇಬು. ಭುಜದ ಮೇಲೆ ಹೊಳೆಯುವ ಲೋಹದ ತಗಡು. ಬೆನ್ನಿನ ಮೇಲೆ, ಕುತ್ತಿಗೆಯ ಕೆಳಗೆ, ಒಂದು ಗೂನು. ಈ ಗೂನಿನ ಬಗ್ಗೆ ಒಂದು ಮಾತು ಹೇಳಲೇಬೇಕು. ರೇಸ್ ಪಟುಗಳು ಟ್ಯಾಂಕಿಗೆ ಎದೆ ತಾಗಿಸಿ ಮಲಗಿ ಓಡಿಸುವಾಗ ಹೆಲ್ಮೆಟ್ಟಿನ ಹಿಂದೆ ಗಾಳಿ ಸುಳಿ ಸುತ್ತದೆ ಹಾಯಾಗಿ ಹರಿದುಹೋಗಲಿ ಅಂತ ಅದನ್ನು ಮಾಡಿದ್ದು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಅರ್ಧ ಗಂಟೆ ನಿಂತವನ ಬೆನ್ನ ಮೇಲೆ ಅದು ಗೂನು, ಅಷ್ಟೇ.

ಬೆನ್ನಿನ ಪ್ಯಾಡು ಎಲ್ಲಿ ಅಂತ ನೋಡಿದರೆ ಜೇಬಿನೊಳಗೆ ಒಂದು ಸ್ಪಂಜಿನ ಹಾಳೆ ಇತ್ತು. ಸ್ಕೂಟರಿನ ಸೀಟಿನಲ್ಲಿ ಇದಕ್ಕಿಂತ ಗಟ್ಟಿ ಸ್ಪಂಜು ಇರುತ್ತದೆ. ಇದನ್ನು ಮೋಸ ಅನ್ನುವಂತಿಲ್ಲ, ಆ ಮಾನದಂಡದಲ್ಲಿ ಬೆನ್ನಿನ ರಕ್ಷೆ ಕಡ್ಡಾಯವಿಲ್ಲ. ಜಾಗ ತುಂಬಲಿ, ಕೈಯಿಟ್ಟರೆ ಏನೋ ಇದೆ ಅನ್ನಿಸಲಿ ಅಂತ ಒಂದು ಹಾಳೆ. ನಿಜವಾದ ಬೆನ್ನಿನ ರಕ್ಷೆ ಬೇರೆ ಕೊಳ್ಳಬೇಕು, ಅದಕ್ಕೆ ಇಎನ್ 1621-2 ಅಂತ ಬೇರೆಯೇ ಗುರುತು. 24,000 ತೆತ್ತವನಿಗೆ ಬೆನ್ನಿಗೆ ಸಿಗುವುದು ಸ್ಪಂಜು, ಮತ್ತು ಏಳು ಜೇಬು.

ಡೀನಿಯರ್ ಅನ್ನುವುದೂ ಇದೇ ಜಾತಿಯ ಮಂತ್ರ. "ಇದು 600 ಡೀನಿಯರ್ ಸಾರ್, ಅದು ಬರೀ 500." 9,000 ಮೀಟರ್ ದಾರ ಎಷ್ಟು ಗ್ರಾಂ ತೂಗುತ್ತದೆಯೋ ಅಷ್ಟು ಡೀನಿಯರ್. ದಾರ ಎಷ್ಟು ದಪ್ಪ ಅಂತ ಗೊತ್ತಾಯಿತೇ ಹೊರತು, ಯಾವುದರ ದಾರ, ಎಷ್ಟು ಗಟ್ಟಿ ಅಂತ ಗೊತ್ತಾಗಲಿಲ್ಲ. ಸಾಮಾನ್ಯ ಪಾಲಿಯೆಸ್ಟರಿನ 600ಕ್ಕಿಂತ ಕಾರ್ಡ್ಯುರಾದಂಥ ಗಟ್ಟಿ ನೈಲಾನಿನ 500 ಹೆಚ್ಚು ತಾಳಿಕೊಳ್ಳಬಲ್ಲದು. ಚರ್ಮದ ವಿಷಯದಲ್ಲೂ ಕೈ ನಮಗೆ ಮೋಸ ಮಾಡುತ್ತದೆ. ಬೆರಳಿಗೆ ಬೆಣ್ಣೆಯಂತೆ ಹತ್ತುವ ಕುರಿಯ ಚರ್ಮ ಫ್ಯಾಷನ್ ಅಂಗಡಿಯಲ್ಲಿ ಹೆಚ್ಚು ಬೆಲೆಗೆ ಹೋಗುತ್ತದೆ. ರಸ್ತೆಗೆ ಬೇಕಾದದ್ದು ಒಂದು ಮಿಲಿಮೀಟರ್ ದಾಟಿದ, ಮೊದಲ ತಿಂಗಳು ಮೈಗೆ ಒಗ್ಗದೆ ಸತಾಯಿಸುವ ದನದ ಚರ್ಮ.

ಇಷ್ಟೆಲ್ಲ ಹೇಳುವ ನಾನು ಒಂದು ಕಾಲದಲ್ಲಿ ಅದೇ ಪ್ರಶ್ನೆಗೆ ಬಿದ್ದವನೇ. ಹಲವು ವರ್ಷದ ಹಿಂದೆ 21,000 ಕೊಟ್ಟು ಒಂದು ಜಾಕೆಟ್ ತಂದಿದ್ದೆ. ನನ್ನ ಅಳತೆಯದು ಅಂಗಡಿಯಲ್ಲಿ ಇರಲಿಲ್ಲ, ಒಂದು ಸೈಜ್ ದೊಡ್ಡದಿತ್ತು. "ಒಳಗೆ ಸ್ವೆಟರ್ ಹಾಕ್ಬಹುದು ಸಾರ್, ಒಳ್ಳೇದೇ" ಅಂದಿದ್ದರು. ಪ್ಯಾಡು ಲೆವೆಲ್ ಟೂ, ಅದನ್ನು ನೋಡಿಯೇ ತಂದಿದ್ದು. ಹಾಸನ ದಾಟಿ ಸಕಲೇಶಪುರದ ಕಡೆ ಹೋಗುವಾಗ, ರಸ್ತೆ ಕೆಲಸ ನಡೆಯುತ್ತಿದ್ದ ಕಡೆ ಒಂದು ತಿರುವಿನಲ್ಲಿ ಜಲ್ಲಿಪುಡಿ ಚೆಲ್ಲಿತ್ತು. 40ರಲ್ಲಿದ್ದೆನೇನೋ. ಮುಂದಿನ ಚಕ್ರ ಕಾಲ ಕೆಳಗಿನ ಚಾಪೆ ಎಳೆದ ಹಾಗೆ ಸರಿಯಿತು, ಬಲಗೈ ಅಡಿಗಾಗಿ ಬಿದ್ದೆ. ಬೈಕು ಒಂದು ಕಡೆ, ನಾನು ಒಂದು ಕಡೆ. ಎದ್ದು ನೋಡಿದರೆ ಮೊಣಕೈಯಿಂದ ಕೆಳಕ್ಕೆ ಅಂಗೈಯಗಲ ಚರ್ಮ ಎದ್ದುಹೋಗಿ, ಗಾಯದ ತುಂಬ ಜಲ್ಲಿಯ ಬೂದಿ ಮೆತ್ತಿಕೊಂಡಿತ್ತು. ಸಕಲೇಶಪುರದಲ್ಲಿ ನರ್ಸಮ್ಮ ಅದನ್ನು ಬ್ರಷ್ಷಿನಿಂದ ತೊಳೆದದ್ದು ಬೀಳುವುದಕ್ಕಿಂತ ಹೆಚ್ಚು ನೆನಪಿದೆ.

ಲೆವೆಲ್ ಟೂ ಪ್ಯಾಡು ಎಲ್ಲಿತ್ತು ಅಂದರೆ, ತೋಳಿನ ಒಳಮಗ್ಗುಲಲ್ಲಿ. ತೋಳು ಸಡಿಲವಿದ್ದುದರಿಂದ ನೆಲ ತಾಗಿದ ಕ್ಷಣ ಅದು ತನ್ನ ಪಾಡಿಗೆ ತಾನು ಸುತ್ತಿ ಪಕ್ಕಕ್ಕೆ ಹೋಗಿತ್ತು. ಅದಕ್ಕೆ ಒಂದು ಗೆರೆಯೂ ಬಿದ್ದಿರಲಿಲ್ಲ. ಬಟ್ಟೆಗೂ ಹೇಳಿಕೊಳ್ಳುವಂಥದ್ದೇನೂ ಆಗಿರಲಿಲ್ಲ. ಬಿಟ್ಟುಕೊಂಡದ್ದು ಹೊಲಿಗೆ. ಮೊಣಕೈಯ ಹೊರಮೈಯಲ್ಲಿ ಹಾದುಹೋಗಿದ್ದ ಹೊಲಿಗೆ ನಾಲ್ಕು ಬೆರಳು ಉದ್ದಕ್ಕೆ ಬಾಯಿ ಬಿಟ್ಟಿತ್ತು.

ಜಾಕೆಟ್ಟನ್ನು ನಮ್ಮ ಬೀದಿಯ ಟೈಲರ್ ಹತ್ತಿರ ಒಯ್ದೆ. ವಯಸ್ಸಾದವರು, ನಾವೆಲ್ಲ ಅವರನ್ನು ಯಜಮಾನರೇ ಅನ್ನುವುದು. ಕನ್ನಡಕ ಹಣೆಗೇರಿಸಿ, ಹರಿದ ಜಾಗ ನೋಡದೆ, ಹರಿಯದ ಇನ್ನೊಂದು ತೋಳನ್ನು ಒಳಗು ಹೊರಗು ಮಾಡಿದರು. ಎರಡು ಹೆಬ್ಬೆರಳು ಹೊಲಿಗೆಯ ಆಚೀಚೆ ಇಟ್ಟು ಮೆಲ್ಲಗೆ ಎಳೆದರು. ದಾರ ಹಲ್ಲು ಕಿರಿಯಿತು.

"ಎಷ್ಟಪ್ಪ ಇದಕ್ಕೆ?"

ಹೇಳಿದೆ.

"ನಿನ್ನ ಜೀನ್ಸ್ ನೋಡ್ಕೋ. ತೊಡೆ ಸಂದಿನ ಹೊಲಿಗೆ ಹೆಂಗಿದೆ? ಒಂದರೊಳಗೊಂದು ಮಡಚಿ ಎರಡು ಸಾಲು. ಇದಕ್ಕೆ ಒಂದೇ ಸಾಲು ಬಿಟ್ಟು ಓವರ್‌ಲಾಕ್ ಮಾಡವ್ರೆ. ದಿಂಬಿನ ಕವರ್‌ಗೆ ಹಾಕೋ ಹೊಲಿಗೆ."

ಎಂಟುನೂರರ ಜೀನ್ಸಿನಲ್ಲಿದ್ದದ್ದು ಇಪ್ಪತ್ತೊಂದು ಸಾವಿರದ ಜಾಕೆಟ್ಟಿನ ಮೊಣಕೈಯಲ್ಲಿ ಇರಲಿಲ್ಲ. ಯಜಮಾನರಿಗೆ ಗೊತ್ತಿರದ ಒಂದು ವಿಷಯವನ್ನು ಆಮೇಲೆ ನಾನು ಓದಿ ಕಲಿತೆ: ಹೊರಗೆ ಕಾಣುವ ಸಾಲು ಎಷ್ಟಿದ್ದರೂ ಉಜ್ಜಾಟದಲ್ಲಿ ಮೊದಲು ಸವೆದುಹೋಗುವುದು ಅದೇ ದಾರ. ಬಟ್ಟೆಯ ಮಡಿಕೆಯೊಳಗೆ ನೆಲಕ್ಕೆ ತಾಗದಂತೆ ಅಡಗಿದ ಒಂದು ಸಾಲಾದರೂ ಇರಬೇಕು, ಕೊನೆಗೆ ಹಿಡಿದುಕೊಳ್ಳುವುದು ಅದು. ಅಡಗಿರುವುದರಿಂದಲೇ ಅದು ಫೋಟೋದಲ್ಲಿ ಬರುವುದಿಲ್ಲ, ಬೆಲೆಚೀಟಿಯಲ್ಲೂ ಇಲ್ಲ. ಪ್ಯಾಡು ಹಾಕುವ ಜೇಬಿನ ಬಾಯಿಂದ ಕೈ ತೂರಿಸಿ ಬೆರಳಿನಿಂದ ತಡಕಿದರೆ ಮಾತ್ರ ಸಿಗುತ್ತದೆ. ಅಂಗಡಿಯವನು ಸ್ವಲ್ಪ ವಿಚಿತ್ರವಾಗಿ ನೋಡುತ್ತಾನೆ. ನೋಡಲಿ.

ಇದು ನನ್ನೊಬ್ಬನ ಹಣೆಬರಹ ಅನ್ನುವಿರಾದರೆ ಆಸ್ಟ್ರೇಲಿಯಾದ ಲೆಕ್ಕ ಕೇಳಿ. 2008-09ರಲ್ಲಿ ಅಲ್ಲಿ ಅಪಘಾತಕ್ಕೆ ಸಿಕ್ಕಿದ 212 ಸವಾರರನ್ನು ಲಿಜ್ ಡಿ ರೋಮ್ ಮತ್ತು ಸಂಗಡಿಗರು ಮಾತಾಡಿಸಿ, ಏನು ತೊಟ್ಟಿದ್ದರು, ಎಲ್ಲಿ ಪೆಟ್ಟಾಯಿತು ಅಂತ ದಾಖಲಿಸಿ 2011ರಲ್ಲಿ ಪ್ರಕಟಿಸಿದರು. ಬೈಕ್ ಜಾಕೆಟ್ ತೊಟ್ಟವರು ಆಸ್ಪತ್ರೆಗೆ ಸೇರುವ ಸಂಭವ ಐದರಲ್ಲಿ ಒಂದು ಪಾಲಿನಷ್ಟು ಕಡಿಮೆಯಿತ್ತು. ಜಾಕೆಟ್ ತೊಡಬೇಕು ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆದರೆ ಅದೇ ಅಧ್ಯಯನದ ಇನ್ನೊಂದು ಸಾಲನ್ನು ಅಂಗಡಿಯವರು ಯಾರೂ ಉದ್ಧರಿಸುವುದಿಲ್ಲ: ಬೈಕ್ ಸವಾರಿಗೆಂದೇ ತಯಾರಾದ ಜಾಕೆಟ್‌ಗಳಲ್ಲಿ ಶೇ. 29.7 ಅಪಘಾತದಲ್ಲಿ ಕೈಕೊಟ್ಟಿದ್ದವು. ಕೈಗವಸುಗಳಲ್ಲಿ ಶೇ. 25.7, ಪ್ಯಾಂಟುಗಳಲ್ಲಿ ಶೇ. 28.3. ಹತ್ತರಲ್ಲಿ ಮೂರು ಜಾಕೆಟ್ ಅಂದರೆ ಸಣ್ಣ ಮಾತಲ್ಲ, ಅದೂ ನಮಗಿಂತ ಎಷ್ಟೋ ಹೆಚ್ಚು ಬೆಲೆ ತೆರುವ ದೇಶದಲ್ಲಿ.

ಎದುರು ಪಕ್ಷದವರು ಸುಮ್ಮನಿರುವುದಿಲ್ಲ. ಅವರ ಮೊದಲ ಮಾತು: ಆಸ್ಪತ್ರೆ ಬಿಲ್ಲಿನ ಮುಂದೆ ಇಪ್ಪತ್ತು ಸಾವಿರ ಯಾವ ಲೆಕ್ಕ? ಸರಿಯೇ. ಆದರೆ ಈ ಮಾತಿನಿಂದ ಸಾಬೀತಾಗುವುದು ಜಾಕೆಟ್ ಬೇಕು ಅನ್ನುವುದು ಮಾತ್ರ, ಇದೇ ಜಾಕೆಟ್ ಬೇಕು ಅನ್ನುವುದಲ್ಲ. ಹಸಿದವನಿಗೆ ಊಟ ಬೇಕು ಅಂತ ಒಪ್ಪಿಸಿ ಐದು ಸ್ಟಾರ್ ಹೋಟೆಲಿನ ಬಿಲ್ಲು ಕೈಗಿಟ್ಟ ಹಾಗೆ.

ಎರಡನೆಯ ಮಾತಿಗೆ ಹೆಚ್ಚು ತೂಕವಿದೆ. ಎಲ್ಲರೂ ಮಾನದಂಡ ಓದಿಕೊಂಡು ಹೋಗಲು ಆಗುತ್ತದೆಯೇ, ಗೊತ್ತಿಲ್ಲದವನು ಬೆಲೆಯನ್ನಾದರೂ ನಂಬಬೇಕಲ್ಲ, ಒಳ್ಳೆಯ ಸರಕಿಗೆ ಖರ್ಚು ಹೆಚ್ಚು ಬಿದ್ದೇ ಬೀಳುತ್ತದೆ ಅನ್ನುತ್ತಾರೆ. ಖರ್ಚು ಬೀಳುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ನಿಜವಾದ ಎಎಎ ದರ್ಜೆಯ ಜಾಕೆಟ್ 5,000ಕ್ಕೆ ಸಿಗುವುದಿಲ್ಲ. ಸಿಕ್ಕರೆ ಚೀಟಿಯ ಮೇಲೆ ಅನುಮಾನ ಪಡಬೇಕು. 2,000ಕ್ಕೆ ಜಾಕೆಟ್ ಅಂತ ಮಾರುವ ಎಷ್ಟೋ ಸರಕು ಜಾಕೆಟ್ಟಿನ ವೇಷ ಹಾಕಿದ ಚೀಲ. ಆದರೆ ಒಂದು ಮಟ್ಟ ದಾಟಿದ ಮೇಲೆ ದುಡ್ಡು ಹರಿಯುವುದು ಬೇರೆ ಕಾಲುವೆಗೆ: ಜೇಬಿಗೆ, ಜಿಪ್ಪಿಗೆ, ಗೂನಿಗೆ, ಹೆಸರಿಗೆ, ಹಡಗಿಗೆ, ಸುಂಕಕ್ಕೆ. ಮುಂಬಯಿ, ಬೆಂಗಳೂರಿನಲ್ಲೇ ಜಾಕೆಟ್ ರೂಪಿಸುವ ಕಂಪನಿಗಳು ಈಗ ದರ್ಜೆಯ ಚೀಟಿ ಹೊಲಿದು ಮಾರುತ್ತಿವೆ, ಹೊರದೇಶದ ಹೆಸರಿನ ಅರ್ಧ ಬೆಲೆಗೆ. ಇನ್ನು ಓದಿಕೊಂಡು ಹೋಗುವ ಕಷ್ಟ ಎಷ್ಟು? ಒಂದು ಅಕ್ಷರ. ಬದನೆಕಾಯಿ ಕೊಳ್ಳುವಾಗ ತೊಟ್ಟು ತಿರುಗಿಸಿ ಹುಳುಕಿದೆಯೇ ಅಂತ ನೋಡುವ ಜನ ನಾವು. ಸೀರೆಯ ಸೆರಗನ್ನು ಬೆಳಕಿಗೆ ಹಿಡಿದು ನೇಯ್ಗೆ ನೋಡುವ ಅಮ್ಮಂದಿರ ಮಕ್ಕಳು. ಜಾಕೆಟ್ಟಿನ ಮುಂದೆ ಮಾತ್ರ ಯಾಕೆ ಕೈಕಟ್ಟಿ ನಿಲ್ಲಬೇಕು?

ಮೂರನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಎಲ್ಲದರ ಅಡಿಯಲ್ಲಿ ಇರುವುದು ಅದೇ. ದಪ್ಪಗಿದ್ದಷ್ಟೂ, ಭಾರವಿದ್ದಷ್ಟೂ, ಬೆವರಿಳಿಸಿದಷ್ಟೂ ಒಳ್ಳೆಯದು ಅನ್ನುವ ವ್ರತದ ಬುದ್ಧಿ. ಕಷ್ಟಪಟ್ಟರೆ ಫಲ. ಏಪ್ರಿಲ್ ಮಧ್ಯಾಹ್ನ ದಾವಣಗೆರೆಯಲ್ಲಿ ಅಂಥದ್ದೊಂದನ್ನು ತೊಟ್ಟು ಸಿಗ್ನಲ್ಲಿನಲ್ಲಿ ನಿಂತವನಿಗೆ ಗೊತ್ತು, ಹತ್ತು ನಿಮಿಷದಲ್ಲಿ ತಲೆ ಕಾದು ಸಿಟ್ಟು ನೆತ್ತಿಗೇರುತ್ತದೆ, ಕಣ್ಣು ರಸ್ತೆಯ ಮೇಲೆ ನಿಲ್ಲುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಮಾರನೆಯ ದಿನ ಜಾಕೆಟ್ ಮೊಳೆಯಲ್ಲೇ ಉಳಿಯುತ್ತದೆ. ಇಲ್ಲೇ ಹತ್ತಿರ ತಾನೇ, ಹಾಲು ತರೋಕೆ ತಾನೇ. ಆಸ್ಟ್ರೇಲಿಯಾ, ನ್ಯೂಜಿಲೆಂಡಿನವರು ಸೇರಿ 2018ರಲ್ಲಿ ಶುರು ಮಾಡಿದ ಮೋಟೋಕ್ಯಾಪ್ ಎಂಬ ವ್ಯವಸ್ಥೆ ಇದನ್ನು ಸರಿಯಾಗಿ ಹಿಡಿದಿದೆ. ಅವರು ಅಂಗಡಿಯವರಿಗೆ ಸುಳಿವು ಕೊಡದೆ ಜಾಕೆಟ್ ಕೊಂಡು, ಪ್ರಯೋಗಾಲಯದಲ್ಲಿ ಹರಿದು ಚಿಂದಿ ಮಾಡಿ, ರಕ್ಷಣೆಗೊಂದು, ಸೆಖೆಯಲ್ಲಿ ತೊಡಲು ಎಷ್ಟು ಹಿತ ಅನ್ನುವುದಕ್ಕೊಂದು, ಹೀಗೆ ಎರಡು ಬೇರೆ ಬೇರೆ ಅಂಕ ಕೊಡುತ್ತಾರೆ. ಹಿತಕ್ಕೂ ಅಂಕ! ನಮ್ಮಲ್ಲಿ ಅದನ್ನು ಷೋಕಿ ಅನ್ನುತ್ತಾರೆ.

ಹಾಲು ತರೋಕೆ ತಾನೇ ಅನ್ನುವವರು ಇದನ್ನೂ ಕೇಳಲಿ. ಕ್ಯಾಲಿಫೋರ್ನಿಯಾದಲ್ಲಿ ಹ್ಯಾರಿ ಹರ್ಟ್ ತಂಡ 900 ಬೈಕ್ ಅಪಘಾತಗಳನ್ನು ನಡೆದ ಜಾಗಕ್ಕೇ ಹೋಗಿ ತನಿಖೆ ಮಾಡಿ 1981ರಲ್ಲಿ ಕೊಟ್ಟ ವರದಿಯಲ್ಲಿ, ಡಿಕ್ಕಿಯ ಹೊತ್ತಿನ ಮಧ್ಯಮ ವೇಗ ಗಂಟೆಗೆ 21.5 ಮೈಲಿ. ಅಂದರೆ ಸುಮಾರು 35 ಕಿ.ಮೀ. ಅಮೆರಿಕದ ಆ ಅಗಲದ ರಸ್ತೆಗಳಲ್ಲಿ! ಅರ್ಧಕ್ಕರ್ಧ ಜನ ಅದಕ್ಕಿಂತ ಕಡಿಮೆ ವೇಗದಲ್ಲಿ ಡಿಕ್ಕಿಯಾದವರು. ಹಾಲು ತರುವ ವೇಗವೇ ಅದು. ಬೀರುವಿನಲ್ಲಿ ನೇತಾಡುವ ಎಎಎ ಚರ್ಮಕ್ಕಿಂತ ಮೈಮೇಲಿರುವ ಎ ದರ್ಜೆಯ ಜಾಲರಿ ಜಾಕೆಟ್ ಆ ಹೊತ್ತಿಗೆ ಕೆಲಸಕ್ಕೆ ಬರುತ್ತದೆ. ಹೆದ್ದಾರಿಯಲ್ಲಿ 100 ಹೊಡೆಯುವವನಿಗೆ ಇದೇ ಮಾತು ಹೇಳಲಾರೆ, ಅವನು ಹೆಚ್ಚಿನ ದರ್ಜೆಯನ್ನೇ ಹುಡುಕಬೇಕು. ಹುಡುಕಲಿ, ಬೆಲೆ ನೋಡಿಯಲ್ಲ, ಅಕ್ಷರ ನೋಡಿ.

ಆ ದಿನ ಜೆ.ಸಿ. ರಸ್ತೆಯಲ್ಲಿ ನಾವು ಇನ್ನೂ ಮೂರು ಅಂಗಡಿ ಹತ್ತಿಳಿದೆವು. ಹುಡುಗನಿಗೆ ಒಂದೇ ಪರೀಕ್ಷೆ ಹೇಳಿಕೊಟ್ಟಿದ್ದೆ. ಕನ್ನಡಿ ಮುಂದೆ ಎದೆಯುಬ್ಬಿಸಿ ನಿಲ್ಲುವುದು ಬೇಡ, ಸ್ಟೂಲಿನ ಮೇಲೆ ಕೂತು ಹ್ಯಾಂಡಲ್ ಹಿಡಿದ ಹಾಗೆ ಕೈ ಮುಂದೆ ಚಾಚು. ನಾನು ಮೊಣಕೈಯ ಪ್ಯಾಡು ಹಿಡಿದು ತಿರುಚುತ್ತೇನೆ. ತಿರುಗಿದರೆ ಆ ಜಾಕೆಟ್ ಬೇಡ. ಎರಡು ಜಾಕೆಟ್ ಅಲ್ಲೇ ಬಿದ್ದುಹೋದವು. ಅದರಲ್ಲೊಂದು ಹುಡುಗನಿಗೆ ತುಂಬ ಇಷ್ಟವಾಗಿತ್ತು, ಸ್ವಲ್ಪ ಹೊತ್ತು ನನ್ನ ಜೊತೆ ಮಾತಾಡಲಿಲ್ಲ. ಕೊನೆಯ ಅಂಗಡಿಯಲ್ಲಿ ಸಿಕ್ಕಿತು. ಭುಜ, ಮೊಣಕೈಗೆ ಗಟ್ಟಿ ಬಟ್ಟೆ, ಎದೆ ಬೆನ್ನಿಗೆ ಒರಟು ಜಾಲರಿ, ಒಳಚೀಟಿಯಲ್ಲಿ ಎಎ, ಪ್ಯಾಡಿನ ಮೇಲೆ ಟಿ ಪ್ಲಸ್, ತೋಳಿಗೆ ಬಿಗಿ ಮಾಡುವ ಪಟ್ಟಿ. ಹೊಲಿಗೆಯನ್ನು ಹೆಬ್ಬೆರಳಿನಿಂದ ಎಳೆದೆ, ಹಲ್ಲು ತೋರಿಸಲಿಲ್ಲ. 9,500. ಉಳಿದ ದುಡ್ಡಿನಲ್ಲಿ ನಿಜವಾದ ಬೆನ್ನಿನ ರಕ್ಷೆ, ಗಟ್ಟಿ ಅಂಗೈಯ ಕೈಗವಸು, ಕಾಲಿನ ಹರಡು ಮುಚ್ಚುವ ಬೂಟು ಬಂದವು. ಆದರೂ 24,000 ಮುಟ್ಟಲಿಲ್ಲ. ಮಿಕ್ಕಿದ್ದರಲ್ಲಿ ಇಬ್ಬರೂ ಲಾಲ್‌ಬಾಗ್ ಹತ್ತಿರ ಮಸಾಲೆ ದೋಸೆ ತಿಂದೆವು.

ಮನೆಗೆ ಹೋದಾಗ ಅಕ್ಕ ಜಾಕೆಟ್ ಕೈಗೆತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಜಾಲರಿಯ ತೂತುಗಳಿಂದ ಬಿಸಿಲು ಅವಳ ಮುಖದ ಮೇಲೆ ರಂಗೋಲಿ ಚುಕ್ಕಿಯಂತೆ ಬಿತ್ತು.

"ಎಷ್ಟು ಕೊಟ್ರಿ?"

ಹುಡುಗ ಹೇಳಿದ.

ಅಕ್ಕ ಮಗನ ಮುಖ ನೋಡಲಿಲ್ಲ, ನನ್ನನ್ನು ನೋಡಿದಳು. "ಒಂಬತ್ತೂವರೆ ಸಾವಿರ ಕೊಟ್ಟು ಇಷ್ಟೊಂದು ತೂತಿರೋದನ್ನ ತಂದಿದೀರಲ್ಲೋ! ಇನ್ನೊಂದೆರಡು ಸಾವಿರ ಹಾಕಿ ಒಳ್ಳೇದು ತರೋಕಾಗ್ಲಿಲ್ವಾ?"